ಅನ್ನವೂ ಪಂಕ್ತಿಯೂ

ಅಮೃತಸರದ ಹರಿಮಂದಿರವನ್ನು ನೋಡಿಬಂದ ಕರ್ನಾಟಕಸ್ಥರು ಊರಿಗೆ ಮರಳಿದ ಮೇಲೆ ಮೊದಲು ವರ್ಣಿಸುವದು ಬಂಗಾರದ ತಗಡು ಹೊದಿಸಿದ ಮಂದಿರವನ್ನಲ್ಲ. ಅಲ್ಲಿ ತಾವು ಉಂಡ ಊಟವನ್ನು. ಸಾಧಾರಣ ದಿನಗಳಲ್ಲಿ 50,000ಕ್ಕೆ ಕಡಮೆಯಿಲ್ಲದೆ, ಹಬ್ಬಹರಿದಿನಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಜನರು ಅಲ್ಲಿಯ ಗುರು ರಾಮದಾಸ ಲಂಗರಿನಲ್ಲಿ ಊಟ ಮಾಡುತ್ತಾರೆಂದು ಲೆಕ್ಕ ಹೇಳುವರು. ಹಗಲಿರುಳೆನ್ನದೆ ಒಲೆ ಉರಿಯುತ್ತದೆ. ಯಾರನ್ನೂ ಯಾವ ಊರೆಂದು ಕೇಳುವದಿಲ್ಲ. ಒಂದು ಕಾಸನ್ನೂ ತೆಗೆದುಕೊಳ್ಳುವದಿಲ್ಲ. ಇದನ್ನು ಕೇಳಿ ನಮ್ಮ ಜನರು ಬೆರಗಾಗುತ್ತಾರೆ, ಒಡನೆಯೇ, "ನಮ್ಮಲ್ಲಿಯೂ ಅನ್ನದಾನವಿಲ್ಲವೇ? ಧರ್ಮಸ್ಥಳವಿಲ್ಲವೇ? ಸಿದ್ಧಗಂಗೆಯಿಲ್ಲವೇ?" ಎಂದು ತಮಗೆ ತಾವೇ ಸಮಾಧಾನವನ್ನೂ ಹೇಳಿಕೊಳ್ಳುತ್ತಾರೆ. ಉಂಟು, ನಿಸ್ಸಂಶಯವಾಗಿ ಉಂಟು. ಅನ್ನ ಹಾಕುವ ವಿಷಯದಲ್ಲಿ ಕನ್ನಡ ನಾಡು ಯಾರಿಗೂ ಹಿಂದೆ ಬಿದ್ದ ನಾಡಲ್ಲ. ಆದರೆ ಲಂಗರಿನ ಹಿರಿಮೆ ಎಷ್ಟು ಮಂದಿ ಉಂಡರೆಂಬ ಲೆಕ್ಕದಲ್ಲಿದೆಯೆಂದು ತಿಳಿದವರು ಅದರ ತಿರುಳನ್ನು ಬಿಟ್ಟು ಸಿಪ್ಪೆಯನ್ನು ಹಿಡಿದುಕೊಂಡಂತೆ. ಅಲ್ಲಿ ಯಾರು ಯಾರ ಪಕ್ಕದಲ್ಲಿ ಕುಳಿತರು, ಯಾರು ಬಡಿಸಿದರು, ಎಂಜಲು ತಟ್ಟೆಯನ್ನು ಯಾರು ತೊಳೆದರು ಎಂಬದೇ ಕೇಳತಕ್ಕ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಬೇಕಾದವರು ಉಂಡು ಎದ್ದುಬರದೆ ಅರ್ಧ ದಿನವಾದರೂ ಅಲ್ಲಿ ಕೆಲಸಕ್ಕೆ ನಿಲ್ಲಬೇಕು. ನಿಲ್ಲುವದಕ್ಕೆ ಯಾರ ಶಿಫಾರಸೂ ಬೇಡ. ತಲೆಗೆ ವಸ್ತ್ರ ಸುತ್ತಿಕೊಂಡು, ಕೈಕಾಲು ತೊಳೆದುಕೊಂಡು, ಹೊಗೆಸೊಪ್ಪು ಮದ್ಯಗಳನ್ನು ಹೊರಗೆ ಬಿಟ್ಟು ಬಂದವನು ಯಾವ ಮತದವನಾದರೂ ಸರಿ, ಅವನಿಗೆ ಕೆಲಸವುಂಟು. ಸೇವೆಯು ಹೆಬ್ಬಾಗಿಲ ಹೊರಗಿನ ಜೋಡಾಘರದಲ್ಲಿಯೇ ಪ್ರಾರಂಭವಾಗುತ್ತದೆ. ಯಾತ್ರಿಕರು ಬಿಟ್ಟ ಪಾದರಕ್ಷೆಗಳನ್ನು ಕೈಯಿಂದ ತೆಗೆದುಕೊಂಡು ಜೋಡಿಸಿಡುವವರಲ್ಲಿ ಊರಿನಲ್ಲಿ ಹತ್ತಾರು ಆಳುಗಳನ್ನಿಟ್ಟುಕೊಂಡ ಶ್ರೀಮಂತರೂ ಇರುತ್ತಾರೆ. ಒಳಗೆ ಒಂದು ಕಡೆ ಮುದುಕರೂ ಹುಡುಗರೂ ಸುತ್ತಲೂ ಕುಳಿತು ಉಳ್ಳಾಗಡ್ಡಿ ಬೆಳ್ಳುಳ್ಳಿಗಳನ್ನು ಸುಲಿಯುತ್ತಿರುತ್ತಾರೆ. ಇನ್ನೊಂದು ಕಡೆ ಸ್ತ್ರೀಯರು ಹಿಟ್ಟಿನ ಉಂಡೆ ಮಾಡಿ ಲಟ್ಟಿಸುತ್ತಾರೆ. ದೊಡ್ಡ ಕಾವಲಿಯ ಮೇಲೆ ರೊಟ್ಟಿ ತಿರುವುವವರು ಬೇರೆ. ಜನ ಹೆಚ್ಚಿದ ದಿನ ರೊಟ್ಟಿಯ ಯಂತ್ರವೂ ಓಡುತ್ತದೆ. ಆಳುದ್ದದ ಹುಟ್ಟುಗಳಿಂದ ಕಡಾಯಿಗಳಲ್ಲಿ ಬೇಳೆ ತಿರುವುತ್ತಾರೆ. ಸಂಬಳದ ಸೇವಾದಾರರೂ ಇಲ್ಲದಿಲ್ಲ. ಇಷ್ಟು ದೊಡ್ಡ ವ್ಯವಹಾರ ಬರಿಯ ಉತ್ಸಾಹದಿಂದ ನಡೆಯಲಾರದು. ಆದರೆ ಹೆಚ್ಚಿನ ಕೈಗಳು ಬಂದು ಹೋಗುವ ಜನರ ಕೈಗಳೇ. ಉಣ್ಣುವವರು ಉದ್ದನೆಯ ಹಾಸಿನ ಮೇಲೆ ಸಾಲಾಗಿ ನೆಲಕ್ಕೆ ಕುಳಿತುಕೊಳ್ಳುತ್ತಾರೆ. ರೊಟ್ಟಿ ಬಂದಾಗ ಎರಡು ಕೈಗಳನ್ನೂ ಚಾಚಿ ತೆಗೆದುಕೊಳ್ಳಬೇಕು. ಲಕ್ಷಾಧೀಶನಿಗಾದರೂ ಅಲ್ಲಿ ಕೈಚಾಚದೆ ರೊಟ್ಟಿಯಿಲ್ಲ. ಪಂಕ್ತಿ ಎದ್ದ ಬಳಿಕ ತಟ್ಟೆಗಳ ಸಪ್ಪಳವು ಆ ಪ್ರಾಂಗಣವನ್ನೆಲ್ಲ ತುಂಬುತ್ತದೆ. ತೊಟ್ಟಿಗಳ ಎರಡೂ ಬದಿಗೆ ಹೆಗಲಿಗೆ ಹೆಗಲು ಹಚ್ಚಿ ನಿಂತವರು ಪರರ ಎಂಜಲನ್ನು ತೊಳೆಯುತ್ತಿರುತ್ತಾರೆ; ಒಬ್ಬನು ತೊಳೆದುದನ್ನು ಮುಂದಿನವನು ಮತ್ತೊಮ್ಮೆ ತೊಳೆಯುತ್ತಾನೆ. ನಮ್ಮ ದೃಷ್ಟಿಯಲ್ಲಿ ಇಡೀ ಲಂಗರಿನಲ್ಲಿ ನೋಡತಕ್ಕ ಸ್ಥಳ ಈ ತೊಟ್ಟಿಯೇ. ಅನ್ನವಿಕ್ಕಿ ಪುಣ್ಯ ಗಳಿಸುವ ಆಸೆ ಎಲ್ಲ ಜಾತಿಯವರಿಗೂ ಉಂಟು. ಎಂಜಲು ಬಳಿಯುವ ಕೆಲಸವನ್ನು ಮಾತ್ರ ನಮ್ಮ ಸಮಾಜವು ಸಾವಿರಾರು ವರ್ಷ ಕೆಲವರ ಹಣೆಗೇ ಬರೆದಿಟ್ಟಿತು.

ಲಂಗರ್ ಎಂಬ ಮಾತು ಫಾರಸಿಯಿಂದ ಬಂದುದು. ಸೂಫಿಗಳ ಖಾನಕಾಗಳಲ್ಲಿ ಬಂದವರಿಗೆಲ್ಲ ಅನ್ನವಿಕ್ಕುವ ಪದ್ಧತಿ ಮೊದಲಿನಿಂದಲೂ ಇತ್ತು. ಗುರು ನಾನಕರು (1469–1539) ರಾವಿ ನದಿಯ ದಂಡೆಯ ಕರ್ತಾರಪುರದಲ್ಲಿ ತಾವೇ ಹೊಲ ಉತ್ತು, ಬೆಳೆದುದನ್ನು ಬಂದವರೊಡನೆ ಹಂಚಿಕೊಂಡು ಉಂಡರು. ಆ ಪದ್ಧತಿಗೆ ಹೊಸ ಜೀವ ಬಂದುದು ಅಲ್ಲಿ. ಎರಡನೆಯ ಗುರು ಅಂಗದರ ಪತ್ನಿ ಮಾತಾ ಖೀವಿಯವರು ಲಂಗರಿನ ಆಡಳಿತವನ್ನೇ ವಹಿಸಿಕೊಂಡಿದ್ದರು. ಅವರು ಬಡಿಸುತ್ತಿದ್ದ ತುಪ್ಪದ ಪಾಯಸದ ಪ್ರಶಂಸೆ ಗುರು ಗ್ರಂಥಸಾಹೇಬದಲ್ಲಿಯೇ ಸೇರಿದೆ. ಧರ್ಮಗ್ರಂಥದಲ್ಲಿ ಅಡಿಗೆಮನೆಯ ಒಡತಿಯ ಹೆಸರು ನಿಲ್ಲುವದು ಸಾಮಾನ್ಯ ಸಂಗತಿಯಲ್ಲ! ಮೂರನೆಯ ಗುರು ಅಮರದಾಸರು (1552–1574) ಇನ್ನೊಂದು ಹೆಜ್ಜೆ ಮುಂದೆ ಹೋದರು. ಗೋಇಂದವಾಲದಲ್ಲಿ ತಮ್ಮ ದರ್ಶನಕ್ಕೆ ಬಂದವರು ಮೊದಲು ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು, ಆಮೇಲೆ ಸಂಗತಿಗೆ ಬರಬೇಕು ಎಂದು ಅವರು ಕಟ್ಟು ಮಾಡಿದರು. ಅಕ್ಬರ ಬಾದಶಹನೂ ಹಾಗೆ ನೆಲಕ್ಕೆ ಕುಳಿತು ಉಂಡೇ ಗುರುಗಳನ್ನು ಕಂಡನೆಂದು ಸಿಖ್ಖರ ಪರಂಪರೆ ಹೇಳುತ್ತದೆ. ಉಣ್ಣುವದು ಇಲ್ಲಿ ದಾನದ ಸ್ವೀಕಾರವಾಗಲಿಲ್ಲ, ಪರೀಕ್ಷೆಯಾಯಿತು. ಹಸಿದವನಿಗೆ ಇದರಲ್ಲಿ ಕಷ್ಟವೇನೂ ಇಲ್ಲ. ಹೊಟ್ಟೆ ತುಂಬಿದ ಕುಲೀನನು ತನಗೆ ಹಸಿವೆಯಿಲ್ಲವೆಂದು ಹೇಳಿ ಮೆಲ್ಲನೆ ತಪ್ಪಿಸಿಕೊಳ್ಳದಂತೆ ಈ ಬಾಗಿಲನ್ನು ಕಟ್ಟಿದರು.

1699ರ ವೈಶಾಖಿಯಂದು ಗುರು ಗೋವಿಂದಸಿಂಹರು ಆನಂದಪುರದಲ್ಲಿ ಖಾಲ್ಸಾ ಪಂಥವನ್ನು ಸ್ಥಾಪಿಸಿದಾಗ ತಲೆಯೊಪ್ಪಿಸಲು ಮುಂದೆ ಬಂದ ಐವರಲ್ಲಿ ಒಬ್ಬನು ಬೀದರಿನ ಕ್ಷೌರಿಕನೆಂಬದನ್ನು ಎಷ್ಟು ಮಂದಿ ಕನ್ನಡಿಗರು ಬಲ್ಲರು? ಲಾಹೋರಿನ ಖತ್ರಿ, ಹಸ್ತಿನಾಪುರದ ಜಾಟ, ಜಗನ್ನಾಥಪುರಿಯ ನೀರು ಹೊರುವವ, ದ್ವಾರಕೆಯ ಬಟ್ಟೆಗೆ ಅಚ್ಚು ಹಾಕುವವ, ಇವರೊಡನೆ ನಮ್ಮ ಬೀದರಿನ ಸಾಹಿಬಸಿಂಹನು ಒಂದೇ ಬಟ್ಟಲಿನಿಂದ ಅಮೃತವನ್ನು ಕುಡಿದನು. ಗುರುಗಳೂ ಆ ಐವರ ಕೈಯಿಂದಲೇ ಅದನ್ನು ಪಡೆದುಕೊಂಡರು. ಬೀದರಿಗೆ ಗುರು ನಾನಕರೇ ಬಂದಿದ್ದರೆಂದೂ, ಸಿಹಿನೀರಿಗಾಗಿ ಬಾಯಿ ಬಾಯಿ ಬಿಡುತ್ತಿದ್ದ ಜನರಿಗೆ ಮುರಗಲ್ಲಿನ ಗುಡ್ಡದ ಬುಡದಲ್ಲಿ ಝರಿಯೊಂದು ಒಡೆಯಿತೆಂದೂ ಐತಿಹ್ಯವಿದೆ. ಆ ನಾನಕ ಝೀರಾದ ಗುರುದ್ವಾರದಲ್ಲಿ ಇಂದಿಗೂ ನೀರು ಹರಿಯುತ್ತದೆ, ಲಂಗರು ನಡೆಯುತ್ತದೆ. ಅಮೃತಸರದ ವರೆಗೆ ರೈಲು ಹತ್ತಲಾರದ ಕನ್ನಡಿಗನಿಗೆ ಇದಕ್ಕಿಂತ ಹತ್ತಿರದ ಪಾಠಶಾಲೆ ಬೇಕಿಲ್ಲ. ಅಣ್ಣ ಬಸವಣ್ಣನವರ ದಾಸೋಹದ ಕಲ್ಯಾಣವೂ ಅದೇ ಜಿಲ್ಲೆಯಲ್ಲಿರುವದು ಕಾಕತಾಳೀಯವಿರಬಹುದು. ಆದರೂ ನಾವು ಅದನ್ನು ನೆನೆಯದೆ ಇರಲಾರೆವು.

ಇಷ್ಟು ಹೇಳಿದ ಮೇಲೆ, ಸಿಖ್ಖರಲ್ಲಿ ಈ ಪಂಕ್ತಿ ಒಮ್ಮೆ ಕೂಡಿದ್ದು ಹಾಗೆಯೇ ನಿಂತಿತೆಂದು ವಾಚಕರು ಭಾವಿಸಬಾರದು. ಅದು ಕೆಡುತ್ತ ಬಂದಿತು, ಮತ್ತೆ ಕಟ್ಟಬೇಕಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಗುರುದ್ವಾರಗಳು ಮಹಂತರ ಸ್ವಂತ ಆಸ್ತಿಗಳಂತಾದವು. ಅಸ್ಪೃಶ್ಯತೆಯು ಹರಿಮಂದಿರದ ಒಳಗೇ ಬಂದು ಕುಳಿತಿತು. ಅಂತ್ಯಜರೆನಿಸಿಕೊಂಡ ಸಿಖ್ಖರು ತಂದ ಪ್ರಸಾದವನ್ನು ಪೂಜಾರಿಗಳು ಮುಟ್ಟುತ್ತಿರಲಿಲ್ಲ. 1920ರ ಅಕ್ಟೋಬರ್ 12ರಂದು ಜಲಿಯನ್‌ವಾಲಾ ಬಾಗಿನಲ್ಲಿ ದೀಕ್ಷೆ ಪಡೆದ ಇಂಥ ಜನರು ಕೆಲವರು ಸುಧಾರಕರೊಡನೆ ಕಡಾಹ ಪ್ರಸಾದವನ್ನು ಹೊತ್ತುಕೊಂಡು ಮಂದಿರಕ್ಕೆ ನಡೆದರು. ಪೂಜಾರಿಗಳು ಒಲ್ಲೆನೆಂದರು. ವಾಗ್ವಾದ ಬೆಳೆಯಿತು, ಕೊನೆಗೆ ಗ್ರಂಥಸಾಹೇಬವನ್ನೇ ತೆರೆದು ನೋಡೋಣವೆಂದಾಯಿತು. ತೆರೆದ ಪುಟದ ವಾಕ್ಯವು ದೀನರ ಪಕ್ಷವಾಗಿ ಬಂದಿತು, ಪ್ರಸಾದವನ್ನು ಸ್ವೀಕರಿಸಬೇಕಾಯಿತು. ಅಕಾಲ ತಖ್ತದ ಪೂಜಾರಿಗಳು ಸ್ಥಾನ ಬಿಟ್ಟು ಹೋದರು. ಮುಂದಿನ ತಿಂಗಳಿನಲ್ಲಿಯೇ ಶಿರೋಮಣಿ ಗುರುದ್ವಾರ ಪ್ರಬಂಧಕ ಕಮಿಟಿಯು ಹುಟ್ಟಿತು. 1925ರ ಗುರುದ್ವಾರ ಕಾಯಿದೆಯ ವರೆಗೆ ನಡೆದ ಆ ಮಹಾ ಚಳವಳಿಯು ಒಂದು ಮುಷ್ಟಿ ಹಿಟ್ಟಿನ ಪ್ರಸಾದವನ್ನು ಯಾರ ಕೈಯಿಂದ ತೆಗೆದುಕೊಳ್ಳಬೇಕೆಂಬ ಪ್ರಶ್ನೆಯಿಂದ ಕಾವು ಪಡೆಯಿತೆಂಬದನ್ನು ಇತಿಹಾಸಕಾರರು ಮರೆಯುವದಿಲ್ಲ, ನಾವೂ ಮರೆಯಬಾರದು.

ಆ ಚಳವಳಿಯ ಅತ್ಯಂತ ಘೋರವಾದ ಅಧ್ಯಾಯಕ್ಕೂ ಲಂಗರಿನ ಒಲೆಯೇ ಕಾರಣ. 1922ರ ಆಗಸ್ಟ್ ತಿಂಗಳಿನಲ್ಲಿ ಅಮೃತಸರದ ಸಮೀಪದ ಗುರು-ಕಾ-ಬಾಗದಲ್ಲಿ ಐವರು ಅಕಾಲಿಗಳು ಗುರುದ್ವಾರದ ಜಮೀನಿನಿಂದ ಲಂಗರಿಗೆಂದು ಜಾಲಿಯ ಕಟ್ಟಿಗೆ ಕಡಿದರು. ಅದು ಕಳವೆಂದು ಸರಕಾರವು ಅವರನ್ನು ಹಿಡಿಯಿತು. ಅಂದಿನಿಂದ ದಿನದಿನವೂ ಜಥೆಗಳು ಹೊರಟವು. ದಿನದಿನವೂ ಪೋಲೀಸರ ಲಾಠಿಗಳು ಅವರ ಮೇಲೆ ಬಿದ್ದವು. ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲಿಷರ ಪರವಾಗಿ ಕಾದಾಡಿಬಂದ ಸೈನಿಕರೂ ಅವರಲ್ಲಿದ್ದರು, ಒಬ್ಬನೂ ಕೈಯೆತ್ತಲಿಲ್ಲ. ಸೆಪ್ಟೆಂಬರಿನಲ್ಲಿ ಇದನ್ನು ಕಣ್ಣಾರೆ ಕಂಡ ದೀನಬಂಧು ಆಂಡ್ರೂಸರು ಮರುಗಿ ಬರೆದುದು ದೇಶವನ್ನೆಲ್ಲ ಅಲುಗಿಸಿತು. ಐದು ಸಾವಿರಕ್ಕೂ ಹೆಚ್ಚು ಜನರು ಸೆರೆಮನೆ ಸೇರಿದರು. ಕೊನೆಗೆ ಸರ್ ಗಂಗಾರಾಮರು ಆ ಜಮೀನನ್ನು ಮಹಂತನಿಂದ ಗೇಣಿಗೆ ಹಿಡಿದು, ಕಟ್ಟಿಗೆ ಕಡಿಯುವವರನ್ನು ತಡೆಯಲು ತಮಗೆ ಪೋಲೀಸರ ಅಗತ್ಯವಿಲ್ಲವೆಂದು ತಿಳಿಸಿದ ಮೇಲೆ ಸರಕಾರಕ್ಕೆ ಮಾನ ಉಳಿಸಿಕೊಳ್ಳುವ ದಾರಿ ದೊರೆಯಿತು. ಅದೇ ಅಕ್ಟೋಬರ್ 30ರಂದು ಈ ಬಂದಿಗಳನ್ನು ಅಟಕಿಗೆ ಒಯ್ಯುತ್ತಿದ್ದ ರೈಲುಗಾಡಿಗೆ ಹಸನ್ ಅಬ್ದಾಲದಲ್ಲಿ ಊಟ ಕೊಡಬೇಕೆಂದು ಪಂಜಾ ಸಾಹೇಬದ ಸಂಗತಿಯು ಅಡಿಗೆ ಮಾಡಿಕೊಂಡು ಕಾದಿತ್ತು. ಗಾಡಿ ಅಲ್ಲಿ ನಿಲ್ಲುವದಿಲ್ಲವೆಂದು ಅಧಿಕಾರಿಗಳು ಹೇಳಿದರು. ಜನರು ಹಳಿಗಳ ಮೇಲೆ ಕುಳಿತರು. ಗಾಡಿ ನಿಲ್ಲುವಷ್ಟರಲ್ಲಿ ಭಾಯಿ ಕರಮಸಿಂಹ, ಭಾಯಿ ಪ್ರತಾಪಸಿಂಹ ಎಂಬಿಬ್ಬರು ಗಾಲಿಗಳಿಗೆ ಸಿಕ್ಕು ಪ್ರಾಣ ಬಿಟ್ಟರು. ಬಂದಿಗಳಿಗೆ ಊಟ ದೊರೆಯಿತು. ಅನ್ನ ಕೊಟ್ಟು ಹೆಸರು ಪಡೆದವರ ಶಿಲಾಶಾಸನಗಳು ನಮ್ಮ ದೇವಾಲಯಗಳ ಗೋಡೆಗಳಲ್ಲಿ ತುಂಬಿವೆ. ಅನ್ನ ಕೊಡಲು ಪ್ರಾಣವನ್ನೇ ಕೊಟ್ಟವರ ಈ ಕಥೆಯನ್ನು ನಮ್ಮ ಶಾಲೆಯ ಪಾಠಗಳಲ್ಲಿ ಹಾಕಿದರೆ ಕೆಡಕೇನೂ ಆಗದು.

ಇನ್ನು ದಕ್ಷಿಣದ ಒಂದು ಪ್ರಸಂಗ. 1924ರ ಮಾರ್ಚ್ 30ರಂದು ತಿರುವಾಂಕೂರಿನ ವೈಕಂನಲ್ಲಿ ದೇವಾಲಯದ ಸುತ್ತಲಿನ ರಸ್ತೆಗಳಲ್ಲಿ ಅವರ್ಣರು ನಡೆಯಬಾರದೆಂಬ ಕಟ್ಟಳೆಯ ವಿರುದ್ಧ ಸತ್ಯಾಗ್ರಹ ಪ್ರಾರಂಭವಾಯಿತು. ಕೆಲವು ವಾರಗಳಲ್ಲಿಯೇ ಪಂಜಾಬದಿಂದ ಅಕಾಲಿಗಳು ಬಂದು ಸತ್ಯಾಗ್ರಹಿಗಳಿಗಾಗಿ ಅಲ್ಲಿ ಲಂಗರನ್ನು ತೆರೆದರು. ಗುರು-ಕಾ-ಬಾಗದ ಗಾಯಗಳು ಇನ್ನೂ ಒಣಗದ ಜನರು ಸಾವಿರಾರು ಮೈಲು ದೂರದ ಮಲೆಯಾಳಕ್ಕೆ ಹಿಟ್ಟು ಬೇಳೆಗಳೊಡನೆ ಬಂದರು! ಆದರೆ ಮಹಾತ್ಮಾ ಗಾಂಧಿಯವರಿಗೆ ಇದು ಸರಿಬೀಳಲಿಲ್ಲ. ಸತ್ಯಾಗ್ರಹವು ಸ್ಥಳೀಯ ಜನರ ಬೆಂಬಲದಿಂದಲೇ ನಡೆಯಬೇಕು, ಹೊರಗಿನವರ ಅನ್ನವನ್ನು ನೆಚ್ಚುವದು ಆತ್ಮಗೌರವಕ್ಕೆ ಕುಂದು, ಅಸ್ಪೃಶ್ಯತೆಯು ಹಿಂದೂಗಳು ತಾವೇ ತೊಳೆದುಕೊಳ್ಳತಕ್ಕ ಪಾಪ ಎಂದು ಅವರು 'ಯಂಗ್ ಇಂಡಿಯಾ'ದಲ್ಲಿ ಬರೆದರು. ಸ್ವಲ್ಪ ಕಾಲದಲ್ಲಿಯೇ ಅಕಾಲಿಗಳು ಒಲೆ ಆರಿಸಿ ಹಿಂತಿರುಗಿದರು.

ಮಹಾತ್ಮರ ವಾದದಲ್ಲಿ ಹುರುಳಿಲ್ಲವೆಂದು ಹೇಳುವ ಉದ್ಧಟತನ ನಮಗಿಲ್ಲ. ಪರರ ಚೀಲದಿಂದ ನಡೆಯುವ ಚಳವಳಿಯು ಚೀಲ ಬರಿದಾದ ದಿನ ಕುಳಿತುಬಿಡುವದೆಂಬದು ಅನುಭವದ ಮಾತು. ಹಿಂದೂಗಳ ಪಾಪವನ್ನು ಹಿಂದೂಗಳೇ ತೊಳೆಯಬೇಕೆಂಬದೂ ನಿಜ. ಆದರೂ ಈ ಒಂದು ವಿಷಯದಲ್ಲಿ ಅವರು ಲಂಗರನ್ನು ಬರಿಯ ಅನ್ನಸತ್ರವೆಂದು ಎಣಿಸಿದರೆಂದು ನಮಗೆ ತೋರುತ್ತದೆ. ವೈಕಂನ ಪ್ರಶ್ನೆ ರಸ್ತೆಯದು: ಒಬ್ಬನು ನಡೆದ ದಾರಿಯಲ್ಲಿ ಇನ್ನೊಬ್ಬನು ನಡೆಯಬಹುದೇ? ಲಂಗರಿನ ಪ್ರಶ್ನೆ ಹಾಸಿನದು: ಒಬ್ಬನು ಕುಳಿತ ಹಾಸಿನಲ್ಲಿ ಇನ್ನೊಬ್ಬನು ಕೂಡಬಹುದೇ? ಎರಡೂ ಒಂದೇ ಬೇರಿನ ಕೊಂಬೆಗಳು. ನಾಯರನೂ ಈಳವನೂ ಪುಲಯನೂ ಒಂದೇ ಸಾಲಿನಲ್ಲಿ ಉಣ್ಣಬಹುದಾದ ಸ್ಥಳವೊಂದು ಆ ರಸ್ತೆಯ ಬಳಿಯಲ್ಲಿಯೇ ತೆರೆದಿದ್ದರೆ, ರಸ್ತೆಯ ಮೇಲಿನ ಬೇಲಿಯು ಇನ್ನಷ್ಟು ಹಾಸ್ಯಾಸ್ಪದವಾಗಿ ಕಾಣುತ್ತಿರಲಿಲ್ಲವೇ? ರಸ್ತೆಗಳ ಬಹುಭಾಗ 1925ರಲ್ಲಿ ತೆರೆಯಿತು. ದೇವಾಲಯದ ಬಾಗಿಲು 1936ರ ನವೆಂಬರ್ 12ರ ಘೋಷಣೆಯಿಂದ ತೆರೆಯಿತು. ಅಡಿಗೆಮನೆಯ ಬಾಗಿಲಿಗೆ ಇಂಥ ಘೋಷಣೆಯನ್ನು ಯಾವ ಅರಸನೂ ಹೊರಡಿಸಲಿಲ್ಲ.

ಪಂಜಾಬದ ದೋಷಗಳನ್ನು ಮುಚ್ಚಿಟ್ಟು ಮಾತನಾಡುವದು ಪತ್ರಿಕಾಧರ್ಮವಲ್ಲ. ಆ ಪ್ರಾಂತದ ಅನೇಕ ಗ್ರಾಮಗಳಲ್ಲಿ ದಲಿತರಿಗೆ ಬೇರೆ ಗುರುದ್ವಾರ, ಬೇರೆ ಸ್ಮಶಾನ ಇಂದಿಗೂ ಇವೆ. ಲಂಗರಿನಲ್ಲಿ ಒಂದಾಗಿ ಉಂಡವರು ಸತ್ತ ಮೇಲೆ ಬೇರೆ ಬೇರೆಯಾಗುವದು ಎಂಥ ವಿಡಂಬನೆ! ಪಂಕ್ತಿಯ ಬಾಹ್ಯರೂಪಕ್ಕಾಗಿಯೇ ಜಗಳಗಳೂ ಆಗಿವೆ. ಕೆನಡಾ ದೇಶದ ಸರ್ರೆ ನಗರದಲ್ಲಿ ಲಂಗರಿನ ಊಟಕ್ಕೆ ಮೇಜು ಕುರ್ಚಿಗಳಿರಬಹುದೇ ಎಂಬ ವಿವಾದವು 1997ರಲ್ಲಿ ಹೊಡೆದಾಟಕ್ಕೆ ಹೋಯಿತು. ಮರುವರ್ಷ ಅಕಾಲ ತಖ್ತವು ನೆಲಕ್ಕೆ ಕುಳಿತೇ ಉಣ್ಣತಕ್ಕದ್ದೆಂದು ಆಜ್ಞೆ ಮಾಡಿತು. ಎಲ್ಲರೂ ಕುರ್ಚಿಯ ಮೇಲೆ ಕುಳಿತರೆ ಸಮಾನತೆಗೇನು ಕೊರತೆ ಎಂದು ಕೇಳುವವರ ಮಾತು ನಮಗೆ ತೀರ ಅಸಂಗತವೆಂದು ತೋರುವದಿಲ್ಲ. ಮೊಣಕಾಲು ನೋಯುವ ವೃದ್ಧರಿಗೆ ನೆಲವು ಶಿಕ್ಷೆಯೇ ಸರಿ. ಆದರೆ ಕುರ್ಚಿಗೆ ಒಂದು ಸ್ವಭಾವವುಂಟು: ಮೊದಲು ಎಲ್ಲರಿಗೂ ಬರುತ್ತದೆ, ಆಮೇಲೆ ಕೆಲವರಿಗೆ ಮೆತ್ತೆಯುಳ್ಳದ್ದಾಗಿ ಬರುತ್ತದೆ. ನೆಲದಲ್ಲಿ ಈ ಭಯವಿಲ್ಲ.

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ಅನ್ನದಾನವು ನಮ್ಮಲ್ಲಿ ಹೇರಳ. ಪಂಕ್ತಿ ಮಾತ್ರ ದುರ್ಲಭ. ಒಂದೇ ದೇವರ ಪ್ರಸಾದವನ್ನು ಬೇರೆ ಬೇರೆ ಸಾಲುಗಳಲ್ಲಿ ಬಡಿಸುವ ಪದ್ಧತಿಯು ನಮ್ಮ ಕೆಲವು ಪ್ರಸಿದ್ಧ ಕ್ಷೇತ್ರಗಳಲ್ಲಿಯೇ ನಡೆದುಬಂದು, ಈ ಶತಮಾನದಲ್ಲಿಯೂ ಪ್ರತಿಭಟನೆಗಳಿಗೆ ಕಾರಣವಾಯಿತು. ಉಂಡುಬಿಟ್ಟ ಎಲೆಗಳ ಮೇಲೆ ಮನುಷ್ಯರು ಹೊರಳುವದನ್ನು ತಡೆಯಲು ಕರ್ನಾಟಕ ವಿಧಾನಮಂಡಲವು 2017ರಲ್ಲಿ ಕಾಯಿದೆ ಮಾಡಬೇಕಾಯಿತು. ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು 1950ರಲ್ಲಿಯೇ ಅಳಿಸಿತು. ಆದರೂ ದಲಿತ ಸ್ತ್ರೀ ಬೇಯಿಸಿದ ಬಿಸಿಯೂಟವನ್ನು ಶಾಲೆಯ ಮಕ್ಕಳು ಉಣ್ಣಬಾರದೆಂದು ಪಾಲಕರು ತಡೆದ ವಾರ್ತೆಗಳು ಇಂದಿಗೂ ಬರುತ್ತಲೇ ಇವೆ. ಅನ್ನವು ಸರಕಾರದ್ದು, ಅಕ್ಕಿ ಎಲ್ಲರದು, ಹಸಿವೆ ಮಗುವಿನದು. ಕೈ ಯಾರದೆಂಬದೊಂದೇ ತಕರಾರು. ಸಿದ್ಧಗಂಗೆಯಂಥ ಮಠಗಳಲ್ಲಿ ಸಾವಿರಾರು ಬಾಲಕರು ಒಟ್ಟಿಗೆ ಉಂಡು ಓದಿ ಬೆಳೆದದ್ದು ನಮ್ಮ ನಾಡಿನ ಸುದೈವ. ಆದರೆ ಬಾಲಕನು ಒಂದು ದಿನ ಮಠದಿಂದ ಮನೆಗೆ ಹೋಗುತ್ತಾನೆ. ಹಿರಿಯರಿಗೆ ಪಂಕ್ತಿಯ ಪಾಠಶಾಲೆ ಎಲ್ಲಿದೆ?

ಅದಕ್ಕಾಗಿಯೇ ನಮ್ಮ ತರುಣರು ಗುರುದ್ವಾರಗಳಿಗೆ ಹೋಗಿ ಸೇವೆಗೆ ನಿಲ್ಲಬೇಕೆಂದು ನಾವು ಹೇಳುವದು. ಮತಾಂತರದ ಭಯ ಯಾರಿಗೂ ಬೇಡ. ತಟ್ಟೆ ತೊಳೆದುದರಿಂದ ಯಾರ ಮತವೂ ತೊಳೆದುಹೋಗದು. ಒಂದೆರಡು ರೊಟ್ಟಿ ತಿರುವಿ, ಚಿತ್ರ ತೆಗೆಸಿಕೊಂಡು, ಅದನ್ನು ಜಗತ್ತಿಗೆಲ್ಲ ತೋರಿಸಿ ಬರುವ ಈಚಿನ ಚಾಳಿಯನ್ನು ಮಾತ್ರ ಅವರು ಬಿಡಬೇಕು. ತೊಟ್ಟಿಯ ಬಳಿಗೆ ಹೋಗಲಿ, ಎರಡು ತಾಸು ನಿಲ್ಲಲಿ, ಪಕ್ಕದವನ ಹೆಸರನ್ನು ಕೇಳದೆ ಇರಲಿ. ಬೀದರಿನವರಿಗಂತೂ ಇದು ಋಣವೂ ಹೌದು. 1988ರ ಸೆಪ್ಟೆಂಬರಿನಲ್ಲಿ ಅದೇ ನಗರದಲ್ಲಿ ಓದಲು ಬಂದಿದ್ದ ಸಿಖ್ಖ ವಿದ್ಯಾರ್ಥಿಗಳು ಗಲಭೆಯಲ್ಲಿ ಹತರಾದರು. ಸಾಹಿಬಸಿಂಹನ ಊರಿಗೆ ಅದು ತಕ್ಕ ನಡತೆಯಾಗಿರಲಿಲ್ಲ. ಆ ಊರಿನ ಲಂಗರಿನಲ್ಲಿ ಇಂದೂ ಕನ್ನಡಿಗನಿಗೆ ರೊಟ್ಟಿ ಬಡಿಸುತ್ತಾರೆಂಬದನ್ನು ಯೋಚಿಸಿ ನೋಡಿದರೆ ತಲೆ ತಾನಾಗಿಯೇ ಬಾಗುತ್ತದೆ.

ಸರಕಾರದ ಸಂಬಂಧವಾಗಿ ಎರಡು ಮಾತು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಲಂಗರಿನ ತುಪ್ಪ ಸಕ್ಕರೆಗಳಿಗೂ ಅದು ತಗಲಿತು. ಗದ್ದಲವಾದ ಮೇಲೆ ಕೇಂದ್ರ ಸರಕಾರವು 2018ರಲ್ಲಿ 'ಸೇವಾ ಭೋಜ ಯೋಜನೆ'ಯನ್ನು ತಂದು, ತಿಂಗಳಿಗೆ 5,000ಕ್ಕೆ ಕಡಮೆಯಿಲ್ಲದಂತೆ ಜನರಿಗೆ ಉಚಿತವಾಗಿ ಊಟ ಕೊಡುವ ಎಲ್ಲ ಮತಗಳ ಸಂಸ್ಥೆಗಳಿಗೂ ತನ್ನ ಪಾಲಿನ ತೆರಿಗೆಯನ್ನು ಹಿಂದಕ್ಕೆ ಕೊಡುವ ಏರ್ಪಾಡು ಮಾಡಿತು. ಇದು ನ್ಯಾಯವೇ. ಆದರೆ ಸಾರ್ವಜನಿಕ ಹಣವನ್ನು ಹಿಂದಕ್ಕೆ ಕೊಡುವ ಸರಕಾರವು ಎಷ್ಟು ಜನರು ಉಂಡರೆಂದು ಕೇಳುವದರೊಡನೆ, ಹೇಗೆ ಕುಳಿತು ಉಂಡರೆಂದೂ ಕೇಳುವದು ಯುಕ್ತವಲ್ಲವೇ? ಪಂಕ್ತಿಭೇದ ಮಾಡುವ ಯಾವ ಸಂಸ್ಥೆಗೂ, ಅದು ಯಾವ ಮತದ್ದಾದರೂ, ಇಂಥ ಸಹಾಯದಲ್ಲಿ ಹಕ್ಕಿರಕೂಡದು. ಅಂತೆಯೇ ನಮ್ಮ ಧಾರ್ಮಿಕ ದತ್ತಿ ಇಲಾಖೆಯ ಆಡಳಿತಕ್ಕೊಳಪಟ್ಟ ದೇವಾಲಯಗಳಲ್ಲಿ ದಾಸೋಹ ನಡೆಯುವಲ್ಲೆಲ್ಲ, ಉಣ್ಣುವ ಸಾಲು ಒಂದೇ ಆಗಿರತಕ್ಕದ್ದೆಂದೂ, ಅಡಿಗೆ ಮಾಡುವ, ಬಡಿಸುವ, ತೊಳೆಯುವ ಸೇವೆಗೆ ಜಾತಿಯನ್ನು ಕೇಳದೆ ಯಾವ ಭಕ್ತನನ್ನಾದರೂ ಸೇರಿಸಿಕೊಳ್ಳತಕ್ಕದ್ದೆಂದೂ ಇಲಾಖೆಯವರು ಸ್ಪಷ್ಟವಾದ ಆಜ್ಞೆಯನ್ನು ಹೊರಡಿಸಿ, ಅದನ್ನು ಭೋಜನಶಾಲೆಯ ಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ಕನ್ನಡದಲ್ಲಿ ಬರೆಯಿಸಬೇಕು. ಮಠಗಳ ಮೇಲೆ ಇಲಾಖೆಗೆ ಆ ಅಧಿಕಾರವಿಲ್ಲ. ಅಲ್ಲಿ ಕೇಳಬೇಕಾದವರು ಮಠಗಳ ಶಿಷ್ಯರೇ. ಮುಂದಿನ ಜಾತ್ರೆಯ ಕಾಲಕ್ಕೆ ಎಷ್ಟು ಊರುಗಳ ಶಿಷ್ಯರು ಹಾಗೆ ಕೇಳುವರೆಂಬದನ್ನು ನಾವು ಕಾದುನೋಡುತ್ತೇವೆ.